ಐದೇ ನಿಮಿಷದ ಕೆಲಸ

ನಮ್ಮ ಮನೆಯ ಸಜ್ಜದ ಮೇಲೆ ಒಂದು ಹಳೆಯ ಬಿಸ್ಕತ್ ಡಬ್ಬಿ ಇದೆ. ಅದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ "ಇವರ ಕಾರ್ಖಾನೆಯ ಗುಜರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ಮಾತು ಮುಕ್ಕಾಲು ಪಾಲು ನಿಜ. ನಾನು ದೂರವಾಣಿನಗರದ ಐಟಿಐಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವನು. ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳ ತಪಾಸಣೆ ನನ್ನ ಕೆಲಸ. ನಿವೃತ್ತಿಯ ದಿನ ಹಾರ, ಶಾಲಿನ ಜೊತೆಗೆ ಮನೆಗೆ ಬಂದ ಸಣ್ಣಪುಟ್ಟ ಸಾಮಾನೆಲ್ಲ ಆ ಡಬ್ಬಿಯಲ್ಲಿದೆ. ಉಳಿದ ಕಾಲು ಪಾಲು ನನ್ನ ಮಗನದು.

ಕಳೆದ ವರ್ಷ ಒಂದು ಶನಿವಾರ ಮೊಮ್ಮಗ ಆ ಡಬ್ಬಿ ಇಳಿಸಿದ. ಮಗಳ ಮನೆ ಹಲಸೂರಿನ ಕೆರೆಯ ಹತ್ತಿರ. ೨೦೨೩ರಲ್ಲಿ ಮೆಟ್ರೊ ಕೆ.ಆರ್. ಪುರಕ್ಕೆ ಬಂದ ಮೇಲೆ ಹುಡುಗ ಶನಿವಾರ ಕಾಲೇಜು ಮುಗಿಸಿ ನೇರ ಇಲ್ಲಿಗೇ ಬಂದುಬಿಡುತ್ತಾನೆ. ಡಬ್ಬಿಯಿಂದ ಅವನು ತೆಗೆದದ್ದು ಅಂಗೈಗಿಂತ ಉದ್ದನೆಯ ಒಂದು ಕರಿ ಆಟದ ಯಂತ್ರ, ಮತ್ತು ಕಾಗದದಲ್ಲಿ ಸುತ್ತಿದ ಉಗುರಿನಗಲದ ಒಂದು ಕಾರ್ಡು.

"ತಾತ, ಪಿಎಸ್‌ಪಿ! ಮಾಮನದಾ? ಆನ್ ಆಗತ್ತಾ?"

"ಆಗಲ್ಲ ಕಣೋ," ಅಂದೆ. ಅದು ಸತ್ತದ್ದು ೨೦೧೨ರ ಜನವರಿಯಲ್ಲಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪಿಎಸ್‌ಪಿ ಎಂಬುದು ಸೋನಿ ಕಂಪನಿ ೨೦೦೪ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಕೈಯಾಟದ ಯಂತ್ರ. ಹತ್ತು ವರ್ಷ ನಡೆದು, ೨೦೧೪ರಲ್ಲಿ ಅದರ ರವಾನೆ ನಿಂತಿತು. ನನ್ನ ಮಗ ತನ್ನ ಹುಟ್ಟುಹಬ್ಬ, ಯುಗಾದಿಯ ದುಡ್ಡನ್ನೆಲ್ಲ ಕೂಡಿಟ್ಟು ೨೦೦೯ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡಿದ್ದ. ಅದರಲ್ಲಿ ಪಟಾಪಾನ್ ಎಂಬ ಆಟ. ನಗಾರಿ ಬಾರಿಸಿ ಒಂದು ಪುಟ್ಟ ಸೈನ್ಯವನ್ನು ನಡೆಸಬೇಕು. ತಾಳ ತಪ್ಪಿದರೆ ಸೈನ್ಯ ನಿಂತುಬಿಡುತ್ತದೆ. ಊಟಕ್ಕೆ ಕೂತಾಗಲೂ ಹುಡುಗನ ಬೆರಳು ಮೇಜಿನ ಮೇಲೆ ತಮಟೆ ಬಡಿಯುತ್ತಿತ್ತು. "ತಟ್ಟೆ ಮುಂದೆ ಇಟ್ಕೊಂಡು ಇದೇನೋ?" ಎಂದು ನಾನು ಗದರುತ್ತಿದ್ದೆ.

ಎರಡನೆಯ ಪಿಯುಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಅವನು ನಮಗೆ ಹೇಳದೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದ. ರಸೆಲ್ ಮಾರುಕಟ್ಟೆಯಿಂದಾಚೆ, ಒಂದು ಗಲ್ಲಿಯ ಅಂಗಡಿಗೆ. ಅವನ ಯಂತ್ರದಲ್ಲಿ ಕಂಪನಿಯ ಬರಹದ ಬದಲು ಕಸ್ಟಂ ಫರ್ಮ್‌ವೇರ್, ಅಂದರೆ ಹವ್ಯಾಸಿಗಳು ತಿದ್ದಿ ಬರೆದ ಬರಹ ಇತ್ತು. ಅದನ್ನು ಹೊಸ ಆವೃತ್ತಿಗೆ ಏರಿಸಬೇಕಿತ್ತು. ಅಂಗಡಿಯವನು ನೋಡಿದ. ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು, ಬರೀ ಚಾರ್ಜರ್ ಸಿಕ್ಕಿಸಿ, "ಕೂತ್ಕೊ, ಐದೇ ನಿಮಿಷದ ಕೆಲಸ" ಅಂದ. ಬ್ಯಾಟರಿ ಇಲ್ಲದಿದ್ದರೆ ಯಂತ್ರ ತಾನಾಗಿ ಈ ಕೆಲಸಕ್ಕೆ ಒಪ್ಪುವುದಿಲ್ಲ. ಆ ತಪಾಸಣೆಯನ್ನೇ ಬದಿಗೆ ಸರಿಸುವ ಪ್ರೋಗ್ರಾಂ ಅಂಗಡಿಯವನಲ್ಲಿತ್ತು. ಮೂರನೆಯ ನಿಮಿಷಕ್ಕೋ ನಾಲ್ಕನೆಯದಕ್ಕೋ ಗಲ್ಲಿಯ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ಯಂತ್ರದ ಹಸಿರು ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಇಂಗ್ಲಿಷ್ ಬಲ್ಲವರು ಇದಕ್ಕೆ 'ಬ್ರಿಕ್ ಆಯಿತು' ಅನ್ನುತ್ತಾರಂತೆ. ಇಟ್ಟಿಗೆ! ಇಟ್ಟಿಗೆಯಾದರೂ ಗೋಡೆಗೆ ಬಂದೀತು.

ಇದರ ಒಳಗುಟ್ಟು ನನ್ನಂಥವನಿಗೆ ಹೊಸದೇನಲ್ಲ. ಕಾರ್ಖಾನೆಯಲ್ಲಿ ನಾವು ಬಳಸುತ್ತಿದ್ದ ಕೆಲವು ಚಿಪ್ಪುಗಳ ನೆತ್ತಿಯ ಮೇಲೆ ಪುಟ್ಟದೊಂದು ಗಾಜಿನ ಕಿಟಕಿ ಇರುತ್ತಿತ್ತು. ಬರೆದದ್ದನ್ನು ಅಳಿಸಬೇಕಾದರೆ ಆ ಕಿಟಕಿಯನ್ನು ಅತಿನೇರಳೆ ದೀಪದ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಹೊಸದಾಗಿ ಬರೆದ ಮೇಲೆ ಬೆಳಕು ಬೀಳದಂತೆ ಚೀಟಿ ಅಂಟಿಸಬೇಕು. ಯಂತ್ರ ಎದ್ದ ಕೂಡಲೇ ತನ್ನ ಪರದೆ ಎಲ್ಲಿ, ಗುಂಡಿ ಎಲ್ಲಿ, ಮುಂದೇನು ಎಂದು ಅದಕ್ಕೆ ನೆನಪು ಮಾಡಿಕೊಡುವ ಬರಹವೇ ಫರ್ಮ್‌ವೇರ್. ಹಳೆಯದನ್ನು ಅಳಿಸಿ ಹೊಸದನ್ನು ಪೂರ್ತಿ ಬರೆಯುವ ತನಕದ ಅವಧಿ ಇದೆಯಲ್ಲ, ಆಗ ಯಂತ್ರಕ್ಕೆ ತಾನು ಯಾರೆಂದೇ ತಿಳಿಯದು. ನಮ್ಮಲ್ಲಿ ಅಷ್ಟರಲ್ಲಿ ಕರೆಂಟು ಹೋದರೆ ಚಿಪ್ಪನ್ನು ಕಿತ್ತು ಮತ್ತೆ ದೀಪದ ಕೆಳಗಿಡುತ್ತಿದ್ದೆವು, ಒಂದು ಚಹಾ ಕುಡಿದು ಬರುತ್ತಿದ್ದೆವು. ಪಿಎಸ್‌ಪಿಯಲ್ಲಿ ಚಿಪ್ಪು ಬೋರ್ಡಿಗೆ ಬೆಸೆದುಕೊಂಡಿರುತ್ತದೆ. ಮೊದಲ ಮಾದರಿಯಲ್ಲಿ ೩೨ ಮೆಗಾಬೈಟು, ಮುಂದಿನವುಗಳಲ್ಲಿ ೬೪. ಇಷ್ಟೆಲ್ಲ ಬಲ್ಲ ತಂದೆ ಮನೆಯಲ್ಲಿರುವಾಗ ಹುಡುಗ ಗಲ್ಲಿಯ ಅಂಗಡಿಗೆ ಯಾಕೆ ಹೋದ? ಕೇಳಿದರೆ ಬೈಯುತ್ತೇನೆ ಎಂಬ ಭಯ ಇತ್ತಲ್ಲ.

ರಾತ್ರಿ ಬಾಯಿ ಬಿಟ್ಟ. "ಮೂರು ವರ್ಷ ಆಡಿದ್ದೆಲ್ಲ ಹೋಯ್ತಪ್ಪ" ಅಂದ. ನಾನು ಅಂದದ್ದು ಇಷ್ಟು: "ಒಳ್ಳೇದೇ ಆಯ್ತು. ಇನ್ನಾದ್ರೂ ಪುಸ್ತಕ ಹಿಡಿ."

ಆಡಿದ್ದು ಯಾವುದೂ ಹೋಗಿರಲಿಲ್ಲ. ಸತ್ತದ್ದು ಒಳಗಿನ ಚಿಪ್ಪು. ಆಟದ ಲೆಕ್ಕವೆಲ್ಲ ಬರೆದಿರುವುದು ಮೆಮರಿ ಸ್ಟಿಕ್ ಎಂಬ ಹೊರಗಿನ ಕಾರ್ಡಿನಲ್ಲಿ. ಅದನ್ನು ಅಂಗಡಿಯವನು ಕಾಗದದಲ್ಲಿ ಸುತ್ತಿ ಹುಡುಗನ ಕೈಗೇ ಕೊಟ್ಟಿದ್ದ. ಬೋರ್ಡು ಕೆಟ್ಟರೂ ಬೇರೆ ಕಡೆ ಬರೆದದ್ದು ಕೆಡುವುದಿಲ್ಲ ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಆ ರಾತ್ರಿ ಅದು ನನಗೆ ಹೊಳೆದೂ ಇತ್ತು. ಹೇಳಿದರೆ ಮತ್ತೊಂದು ಯಂತ್ರ ಬೇಕೆಂದಾನು, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ಇಂಜಿನಿಯರಿಂಗ್ ಮುಗಿಯಿತು, ಮಗ ಪುಣೆಗೆ ಕೆಲಸಕ್ಕೆ ಹೋದ. ಕಾರ್ಡು ಡಬ್ಬಿಯಲ್ಲೇ ಉಳಿಯಿತು.

ಮೊಮ್ಮಗನ ಬಳಿಯೂ ಒಂದು ಪಿಎಸ್‌ಪಿ ಇತ್ತು. ಇಂದಿರಾನಗರದ ಸಹಪಾಠಿಯೊಬ್ಬನ ಅಣ್ಣನಿಂದ ಕೊಂಡ ೩೦೦೦ ಸರಣಿಯದು. ಚೌಕಾಬಾರದ ಆಟವನ್ನು ತಾನೇ ಬರೆದು ಅದರಲ್ಲಿ ಓಡಿಸಬೇಕೆಂಬುದು ಅವನ ಹುಚ್ಚು. (ನಾಲ್ಕು ಕವಡೆ ಹಾಕುವವರೆಗೆ ಬಂದಿದ್ದಾನೆ, ಕಾಯಿ ಕಡಿಯುವುದು ಇನ್ನೂ ಆಗಿಲ್ಲ.) ಆ ಯಂತ್ರದಲ್ಲಿದ್ದದ್ದು ೬.೨೦ ಎಂಬ ಹಳೆಯ ಫರ್ಮ್‌ವೇರು, ಅದರ ಮೇಲೊಂದು ಹಳೆಯ ಮಾರ್ಪಾಡು. ಅದನ್ನು ಬರೆದವರು ಎಂದೋ ಕೈಬಿಟ್ಟಿದ್ದರು. ಈಗ ಹವ್ಯಾಸಿಗಳು ನೋಡಿಕೊಳ್ಳುತ್ತಿರುವ ಆರ್ಕ್-೪ ಎಂಬ ಮಾರ್ಪಾಡಿಗೆ ಕಂಪನಿಯ ೬.೬೦ ಅಥವಾ ೬.೬೧ ತಳಪಾಯ ಬೇಕು. ಆದ್ದರಿಂದ ಏರಿಸಲೇಬೇಕು. "ಐದ್ ನಿಮಿಷ ತಾತ, ಈಗಲೇ ಮಾಡಿ ಮಾಮನ ಕಾರ್ಡ್ ಹಾಕೋಣ" ಅಂದ.

ಆ 'ಐದು ನಿಮಿಷ' ಕೇಳಿದ ಕೂಡಲೇ ನನ್ನ ಮೈಮೇಲೆ ಕಾರ್ಖಾನೆಯೇ ಬಂದಂತಾಯಿತು. ಮಾಡೋಣ, ಆದರೆ ನಮ್ಮ ಪದ್ಧತಿಯಲ್ಲಿ ಅಂದೆ. ಆ ಐದು ನಿಮಿಷಕ್ಕೆ ಎರಡು ವಾರ ಹಿಡಿಯಿತು.

ಮೊದಲು ಮಗನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಇದ್ದದ್ದನ್ನೆಲ್ಲ ಎರಡು ಕಡೆ ಪ್ರತಿ ಮಾಡಿಕೊಂಡೆವು. ಆಮೇಲೆ ಆ ಕಾರ್ಡು ಮತ್ತೆ ಡಬ್ಬಿಗೆ. ಏರಿಸುವ ಕೆಲಸಕ್ಕೆ ಬೇರೆಯದೇ ಕಾರ್ಡು. ಕಳೆದುಕೊಳ್ಳಬಾರದ್ದು ಆ ಹೊತ್ತಿನಲ್ಲಿ ಯಂತ್ರದ ಹತ್ತಿರವೂ ಇರಬಾರದು.

ಬ್ಯಾಟರಿಯದೇ ದೊಡ್ಡ ಕಥೆ. ಅವನ ಯಂತ್ರದ್ದೂ ಸ್ವಲ್ಪ ಉಬ್ಬಿತ್ತು. ಹೊಸದು ತಂದೆವು. ತಂದ ಕೂಡಲೇ ನಂಬದೆ, ತುಂಬ ಚಾರ್ಜು ಮಾಡಿ ಪೂರ್ತಿ ಇಳಿಯುವ ತನಕ ಆಟ ಆಡು ಅಂದೆ. ಇಂಥ ಆಜ್ಞೆ ಅವನಿಗೆ ಜೀವಮಾನದಲ್ಲಿ ಮೊದಲ ಬಾರಿ ಸಿಕ್ಕಿತ್ತು! ಪರದೆಯ ಮೇಲೆ ಇನ್ನೂ ಅರ್ಧ ಎಂದು ತೋರಿಸುತ್ತಿರುವಾಗಲೇ ಯಂತ್ರ ಪಕ್ಕನೆ ಆರಿಹೋಯಿತು. ಆ ಬ್ಯಾಟರಿಯನ್ನೇ ನಂಬಿ ಕೆಲಸಕ್ಕೆ ಕೂತಿದ್ದರೆ? ವಾಪಸು ಕೊಟ್ಟು ಇನ್ನೊಂದು ತರಲು ಮುಂದಿನ ಶನಿವಾರದ ತನಕ ಕಾಯಬೇಕಾಯಿತು. ಹುಡುಗನ ಮುಖ ಅಷ್ಟುದ್ದ ಇಳಿದಿತ್ತು.

ನಡುವೆ ಮಾದರಿ ಯಾವುದೆಂದು ಬ್ಯಾಟರಿಯ ಗೂಡಿನೊಳಗಿನ ಚೀಟಿಯಲ್ಲಿ ನೋಡಿದೆವು. ಈಗಿರುವ ಆವೃತ್ತಿ ಯಾವುದೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಬರೆದಿಟ್ಟುಕೊಂಡೆವು. ಒಂದು ಮಾದರಿಗೆ ಹಿತವಾದದ್ದು ಇನ್ನೊಂದಕ್ಕೆ ವಿಷ. ಅವನ ಯಂತ್ರದ ಮಾರ್ಪಾಡು ತಾತ್ಕಾಲಿಕ ಬಗೆಯದು. ಸ್ವಿಚ್ಚನ್ನು ಒತ್ತಿ ಹಿಡಿದು ಪೂರ್ತಿ ಆರಿಸಿದರೆ ತಾನೇ ಇಳಿದುಹೋಗಿ ಕಂಪನಿಯ ಫರ್ಮ್‌ವೇರು ಉಳಿಯುತ್ತದೆ. ಶಾಶ್ವತ ಬಗೆಯದಾಗಿದ್ದರೆ ಮೊದಲು ಅದನ್ನು ಕ್ರಮವಾಗಿ ತೆಗೆಯಬೇಕಿತ್ತು.

ಇನ್ನು ಫೈಲು. ಕಂಪನಿ ೨೦೧೫ರಲ್ಲಿ ಕೊಟ್ಟ ೬.೬೧ರ ಫೈಲನ್ನು ಹುಡುಗ ಇಳಿಸಿಕೊಂಡಿದ್ದ. "ಚೆಕ್‌ಸಮ್ ನೋಡಿದೆಯಾ?" ಅಂದೆ. ಫೈಲಿನ ಪ್ರತಿ ಅಕ್ಷರದಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದನೆಯ ಗುರುತು ಅದು. ಒಂದಕ್ಷರ ಆಚೀಚೆಯಾದರೂ ಗುರುತು ಬೇರೆಯಾಗುತ್ತದೆ. ನೋಡಿದರೆ ತಾಳೆಯಾಗಲಿಲ್ಲ, ಇಳಿಸುವಾಗ ಅರ್ಧಕ್ಕೇ ತುಂಡಾಗಿತ್ತು. ಮತ್ತೆ ಇಳಿಸಿದ. ಇದು ಮುದುಕನ ಅತಿ ಎಚ್ಚರ ಅನ್ನಬೇಡಿ. ೨೦೦೫ರ ಅಕ್ಟೋಬರಿನಲ್ಲಿ, ಪಿಎಸ್‌ಪಿಯನ್ನು ಹಳೆಯ ಆವೃತ್ತಿಗೆ ಇಳಿಸಿಕೊಡುತ್ತೇನೆಂದು ವೇಷ ಹಾಕಿಕೊಂಡು ಬಂದ ಪ್ರೋಗ್ರಾಂ ಒಂದು ಯಂತ್ರದ ಮುಖ್ಯ ಫೈಲುಗಳನ್ನೇ ಅಳಿಸಿ, ನಂಬಿದವರ ಯಂತ್ರಗಳನ್ನು ಇಟ್ಟಿಗೆ ಮಾಡಿತ್ತು. ಸಿಮ್ಯಾಂಟೆಕ್ ಕಂಪನಿಯವರು ಅದಕ್ಕೆ ಟ್ರೋಜನ್ ಎಂದೇ ಹೆಸರಿಟ್ಟರು.

ತಂದೆತಾಯಂದಿರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆಂದು ಬಲ್ಲೆ, ಇದೆಲ್ಲ ಕಾನೂನಿಗೆ ಒಪ್ಪಿಗೆಯೇ? ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ೬೫ಎ ಎಂಬ ಕಲಮು ಸೇರಿದೆ. ಇನ್ನೊಬ್ಬರ ಹಕ್ಕನ್ನು ಕದಿಯುವ ಉದ್ದೇಶದಿಂದ ಅದರ ಬೀಗ ಮುರಿದರೆ ಎರಡು ವರ್ಷದವರೆಗೂ ಸೆರೆ, ಜೊತೆಗೆ ದಂಡ. ಉದ್ದೇಶ ಎಂಬ ಮಾತನ್ನು ಗಮನಿಸಿ. ತಾನೇ ಬರೆದ ಚೌಕಾಬಾರ ಓಡಿಸುವುದು ಒಂದು, ನೂರಾರು ಕದ್ದ ಆಟಗಳನ್ನು ಕಾರ್ಡಿಗೆ ತುಂಬಿಸಿಕೊಂಡು ಬರುವುದು ಇನ್ನೊಂದು. ಮೊಮ್ಮಗನಿಗೆ ಈ ಗೆರೆ ಹಾಕಿಯೇ ನಾನು ಕೂತದ್ದು.

ಭಾನುವಾರ ಬೆಳಿಗ್ಗೆ, ಇಡ್ಲಿ ತಿಂದ ಮೇಲೆ ಶುರು ಮಾಡಿದೆವು. ಬ್ಯಾಟರಿ ನೂರಕ್ಕೆ ನೂರು, ಚಾರ್ಜರ್ ಗೋಡೆಯಲ್ಲಿ. ಆರಿಸಬೇಡಿ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಯಂತ್ರವನ್ನು ಮೇಜಿನ ನಡುವೆ ಇಟ್ಟು ಇಬ್ಬರೂ ಕೈಕಟ್ಟಿ ಕೂತೆವು. ನನ್ನ ಹೆಂಡತಿ ಬಾಗಿಲಲ್ಲಿ ಇಣುಕಿ, "ಯಾರಿಗೆ ಆಪರೇಷನ್?" ಅಂದಳು. ಗೆರೆ ತೆವಳಿತು. ಕರೆಂಟು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಕ್ಷಣ ಹೋಗಲಿ ಅನ್ನಿಸಿತು, ಬ್ಯಾಟರಿಯ ಮಹಿಮೆ ಹುಡುಗನಿಗೆ ತೋರಿಸಬಹುದಿತ್ತು! ಯಂತ್ರ ತಾನೇ ಆರಿ, ತಾನೇ ಎದ್ದಿತು. ೬.೬೧.

ಆಮೇಲಷ್ಟೇ ಆರ್ಕ್-೪. ಅದರಲ್ಲೂ ಶಾಶ್ವತವಾಗಿ ಚಿಪ್ಪಿಗೇ ಕೂರಿಸುವ ದಾರಿಯಿದೆ, ಬೇಡ ಅಂದೆ. ಪೂರ್ತಿ ಆರಿಸಿದಾಗಲೆಲ್ಲ ಒಂದು ಸಣ್ಣ ಪ್ರೋಗ್ರಾಂ ಮತ್ತೆ ಓಡಿಸಬೇಕಾದ ತೊಂದರೆ ಇರಲಿ. ಬರೆಯದೆ ಸಾಗುವಾಗ ಚಿಪ್ಪಿಗೆ ಯಾಕೆ ಬರೆಯಬೇಕು? ಅವನ ಗೆಳೆಯರು ಇದನ್ನು ಒಪ್ಪುವುದಿಲ್ಲವಂತೆ. ಬೇಡ ಬಿಡಿ.

ಸತ್ತ ಯಂತ್ರದ ಬೆನ್ನ ಬಾಗಿಲು ತೆರೆದರೆ ಪಟಾಪಾನಿನ ತಟ್ಟೆ ಒಳಗೇ ಇತ್ತು. ಅದನ್ನೂ ಮಗನ ಕಾರ್ಡನ್ನೂ ಹೊಸದಕ್ಕೆ ಹಾಕಿದೆವು. ಸೈನ್ಯ ಸಾಲಾಗಿ ನಿಂತಿತ್ತು, ೨೦೧೨ರಿಂದ.

ಹಳೆಯ ಯಂತ್ರವನ್ನೂ ಅಂದೇ ಬದುಕಿಸಬಹುದಿತ್ತು ಎಂದು ಮೊಮ್ಮಗ ಈಚೆಗೆ ಹೇಳಿದ. ೨೦೦೭ರಲ್ಲಿ ಹವ್ಯಾಸಿಗಳು ಪಂಡೋರಾ ಬ್ಯಾಟರಿ ಎಂಬುದನ್ನು ಕಂಡುಕೊಂಡರಂತೆ. ಬ್ಯಾಟರಿಯೊಳಗಿನ ಪುಟ್ಟ ಚಿಪ್ಪಿನ ಕ್ರಮಸಂಖ್ಯೆಯನ್ನು ಬದಲಿಸಿದರೆ, ಮೊದಲ ಮಾದರಿಯ ಯಂತ್ರ ಅದನ್ನು ಕಂಪನಿಯ ರಿಪೇರಿಯವರ ಕೀಲಿಕೈ ಎಂದು ತಿಳಿದು, ತನ್ನ ಕೆಟ್ಟ ಚಿಪ್ಪನ್ನು ಬಿಟ್ಟು ಕಾರ್ಡಿನಿಂದಲೇ ಏಳುತ್ತದೆ. ಎಂಥ ಸೊಗಸಾದ ಉಪಾಯ! ಉಬ್ಬದ ಒಂದು ಹಳೆಯ ಬ್ಯಾಟರಿಗಾಗಿ ಈಗ ನಾವಿಬ್ಬರೂ ಶಿವಾಜಿನಗರದ ಗಲ್ಲಿಗಳನ್ನು ಸುತ್ತುತ್ತಿದ್ದೇವೆ.

ಆ ಭಾನುವಾರವೇ ಪುಣೆಗೆ ಫೋನು ಮಾಡಿದೆ. ಫರ್ಮ್‌ವೇರ್ ಏರಿಸಿದೆವು ಅಂದ ಕೂಡಲೇ ಮಗ ಕೇಳಿದ್ದು, "ಬ್ಯಾಟರಿ ಹಾಕಿದ್ರಾ?"

ಹಾಕಿದ್ದೆವು ಅಂದೆ. ಅವನ ಆಟ ಹಾಗೇ ಇದೆ, ಕಾರ್ಡಿನಲ್ಲಿತ್ತು, ಏನೂ ಹೋಗಿರಲಿಲ್ಲ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಅವತ್ತೇ ಗೊತ್ತಿತ್ತಾ ಅಪ್ಪ, ನಿಮಗೆ?"

"ಗೊತ್ತಿತ್ತು," ಅಂದೆ.

ಅಷ್ಟರಲ್ಲಿ ಮೊಮ್ಮಗ ನನ್ನ ಕೈಯಿಂದ ಫೋನು ಕಸಿದುಕೊಂಡು, "ಮಾಮ, ಆ ಮರಳುಗಾಡು ದಾಟೋದು ಹೇಗೆ?" ಎಂದು ಶುರುಮಾಡಿದ. ಅರ್ಧ ಗಂಟೆಯಾದರೂ ಅವರ ಮಾತು ಮುಗಿಯಲಿಲ್ಲ.