ಕೈಕಸುಬಿಗೂ ಕನ್ನಡ ಬೇಕು

ಕಾಸರಗೋಡಿನ ಕನ್ನಡಿಗ ಹೆತ್ತವರೇ,

ಹತ್ತನೆಯ ತರಗತಿಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಮುಂದೆ ಏನು ಓದಿಸುತ್ತೀರಿ?’ ಅದೇ ದಿನಗಳಲ್ಲಿ, ಅದೇ ಜಗಲಿಯಲ್ಲಿ ಇನ್ನೊಂದು ಮಾತೂ ನಡೆದಿರುತ್ತದೆ: ‘ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಬೇಕು, ಜನ ಸಿಕ್ಕಿಲ್ಲ.’ ಈ ಎರಡು ಮಾತುಗಳಿಗೂ ಸಂಬಂಧವಿದೆ. ಅದು ನಮ್ಮ ಕನ್ನಡ ಶಾಲೆಗಳ ಅಳಿವು ಉಳಿವಿಗೂ ತಾಗಿಕೊಂಡಿರುವುದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಬದಿಯಡ್ಕದ ಆಸುಪಾಸಿನಲ್ಲಿ ನನಗೂ ಒಂದಿಷ್ಟು ಅಡಿಕೆ ತೋಟವಿದೆ; ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾನೆ. ಕೊಳೆರೋಗ ತಡೆಯುವ ಶೇ. 1ರ ಬೋರ್ಡೊ ದ್ರಾವಣಕ್ಕೆ 100 ಲೀಟರು ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸಾಕು. ಇವೆಲ್ಲ ಸುಲಭವಾಗಿ ದೊರೆಯುತ್ತವೆ. ದೊರೆಯದಿರುವುದು ಮರವೇರಿ, ಗೊನೆಗೊನೆಗೂ ಮದ್ದು ತಲಪಿಸಬಲ್ಲ ಮನುಷ್ಯ. ನಮ್ಮಲ್ಲಿಗೆ ಬರುವವರಿಗೆ ವಯಸ್ಸು ಐವತ್ತು ದಾಟಿದೆ. ಅವರ ಮಗ ಬಿ.ಕಾಂ. ಮುಗಿಸಿ ವರುಷಗಳಿಂದ ಪಿ.ಎಸ್.ಸಿ. ಪರೀಕ್ಷೆಗಳನ್ನು ಬರೆಯುತ್ತಿದ್ದಾನೆ. ತಂದೆಯ ವಿದ್ಯೆಗೆ ವಾರಸುದಾರರಿಲ್ಲ. ಮಗನ ವಿದ್ಯೆಗೆ ಇನ್ನೂ ಕೆಲಸವಿಲ್ಲ.

ಇದು ಒಂದು ಮನೆಯ ಸಂಗತಿಯಲ್ಲ. 2023-24ರ ಕೇಂದ್ರ ಶ್ರಮಶಕ್ತಿ ಸಮೀಕ್ಷೆಯಂತೆ ಕೇರಳದಲ್ಲಿ 15ರಿಂದ 29 ವಯೋಮಾನದವರ ನಿರುದ್ಯೋಗ ಪ್ರಮಾಣ ಶೇ. 29.9, ದೇಶದ ಸರಾಸರಿ ಶೇ. 10.2. ಇನ್ನೊಂದೆಡೆ, ರಿಸರ್ವ್ ಬ್ಯಾಂಕಿನ ಕೈಪಿಡಿಯಂತೆ 2022-23ರಲ್ಲಿ ಗ್ರಾಮೀಣ ಕೇರಳದ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852 ರೂಪಾಯಿ. ದೇಶದ ಸರಾಸರಿ 393. ದುಡಿಯಲು 2013ರ ವೇಳೆಗೇ ಸುಮಾರು 25 ಲಕ್ಷ ಮಂದಿ ಹೊರರಾಜ್ಯಗಳಿಂದ ಇಲ್ಲಿಗೆ ಬಂದಿದ್ದರೆಂದು ತಿರುವನಂತಪುರದ ಗುಲಾಟಿ ಸಂಸ್ಥೆ ಅಂದಾಜಿಸಿತ್ತು. ಕೂಲಿ ದೇಶದಲ್ಲೇ ಹೆಚ್ಚಿರುವ ನಾಡಿನಲ್ಲಿ ಕೈಕೆಲಸಕ್ಕೆ ಜನವಿಲ್ಲ ಎಂದರೆ, ಕೊರತೆ ಕೂಲಿಯದಲ್ಲ, ಗೌರವದ್ದು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಲಾಗದು. ಮರವೇರುವ, ಮಣ್ಣು ಹೊರುವ ಕೆಲಸಗಳು ನಮ್ಮಲ್ಲಿ ಜಾತಿಗೆ ಅಂಟಿಕೊಂಡೇ ಬಂದವು. ದುಡಿದವರಿಗೆ ಅಂಗಳದ ಮೂಲೆಯಲ್ಲಿ ಚಹಾ ಕೊಟ್ಟವರು ನಾವೇ. ಆ ಅಂಗಳವನ್ನು ದಾಟಲು ಅವರ ಮಕ್ಕಳಿಗೆ ದೊರೆತ ಏಣಿ ಪದವಿ. ಆದುದರಿಂದ ‘ಎಲ್ಲರೂ ಓದಲು ಹೋದರೆ ತೋಟದ ಕೆಲಸಕ್ಕೆ ಯಾರು?’ ಎಂದು ಗೊಣಗುವ ಹಕ್ಕು ತೋಟದವರಿಗಿಲ್ಲ. ಕಸುಬು ಉಳಿಯಬೇಕಾದರೆ ಅದನ್ನು ನಮ್ಮ ಮಕ್ಕಳೂ ಕಲಿಯುವಂತಾಗಬೇಕು. ಕಸುಬಿಗೆ ತರಬೇತಿ, ಸಲಕರಣೆ, ವಿಮೆ ಸೇರಿದಾಗ ಅದರ ಮುಖವೇ ಬದಲಾಗುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದ ಸಹಾಯದಿಂದ ತೆಂಗಿನ ಮರವೇರುವ ತರಬೇತಿಯನ್ನು ಕೇರಳದಲ್ಲಿ ಆರಂಭಿಸಿದಾಗ ಮಹಿಳೆಯರೂ ಮುಂದೆ ಬಂದು ಕಲಿತರು. ಅಡಿಕೆಗೂ ಈಗ ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಬಿಡುವ ಹಗುರವಾದ ದೋಟಿಗಳು ಬಂದಿವೆ.

ಈಗ ಶಾಲೆಯ ಮಾತಿಗೆ ಬರೋಣ. ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವ ಹೆತ್ತವರ ತರ್ಕವನ್ನು ಗಮನಿಸಿರಿ. ಪದವಿ ಇಂಗ್ಲಿಷಿನಲ್ಲಿದೆ, ಆದುದರಿಂದ ಪ್ರೌಢಶಾಲೆ ಇಂಗ್ಲಿಷಿನಲ್ಲಿರಲಿ, ಹಾಗಾದರೆ ಎಲ್.ಕೆ.ಜಿ.ಯಿಂದಲೇ ಇಂಗ್ಲಿಷ್ ಆಗಲಿ. ಪದವಿಯೊಂದೇ ಗುರಿ ಎಂದು ಒಪ್ಪಿದವರಿಗೆ ಈ ತರ್ಕವನ್ನು ಮುರಿಯುವುದು ಕಷ್ಟ. ಸಂವಿಧಾನದ 350-ಎ ವಿಧಿಯೂ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. 1956ರಿಂದ ನಾವು ಶಾಲೆಗಾಗಿ, ಅಧ್ಯಾಪಕರಿಗಾಗಿ, ಪಠ್ಯಪುಸ್ತಕಕ್ಕಾಗಿ ಹೋರಾಡುತ್ತ ಬಂದೆವು. ಕಸುಬಿನ ಶಿಕ್ಷಣ ಕನ್ನಡದಲ್ಲಿ ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ವಿದ್ಯುತ್ ಜೋಡಣೆ, ಪಂಪು ದುರಸ್ತಿ, ಮರಗೆಲಸಗಳ ಸೂಕ್ಷ್ಮ ಮೊದಲು ಮನೆಮಾತಿನಲ್ಲಿ ತಿಳಿದರೆ ಕೈಗೆ ಬೇಗ ಹತ್ತುತ್ತದೆ. ಆಮೇಲೆ ಮಲಯಾಳವೂ ಇಂಗ್ಲಿಷೂ ಕೆಲಸದ ಜತೆಗೇ ಬರುತ್ತವೆ.

ನಮ್ಮ ನೆಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕವಿ, ಅಧ್ಯಾಪಕ, ಕಾಸರಗೋಡಿನ ಕನ್ನಡ ಹೋರಾಟದ ಮುಂದಾಳು, ಜತೆಗೆ ಕೃಷಿಕ. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೇ ನನ್ನ ದೇವರು’. ಭಾಷೆಯನ್ನೂ ದುಡಿಮೆಯನ್ನೂ ಅವರು ಬೇರೆಬೇರೆಯಾಗಿ ಕಾಣಲಿಲ್ಲ. ಅವರ ಹೋರಾಟವನ್ನು ವೇದಿಕೆಗಳಲ್ಲಿ ನೆನೆಯುವ ನಾವು ಆ ಹೆಸರನ್ನು ಮನೆಯೊಳಗೆ ತಂದಿಲ್ಲ.

ನನ್ನ ಮಗನಿಗೆ ವಿದ್ಯುತ್ ಕೆಲಸ ಕಲಿಯುವ ಆಸೆ. ‘ಇಷ್ಟು ಅಂಕ ತೆಗೆಯುವವನಿಗೆ ಐ.ಟಿ.ಐ.ಯೇ?’ ಎಂದು ಬಂಧುಗಳು ಮರುಗುತ್ತಾರೆ. ನಾಳೆ ಹೆಣ್ಣು ಕೊಡುವವರಾರು ಎಂದು ಅವನ ತಾಯಿಗೂ ಚಿಂತೆ. ಆ ಚಿಂತೆ ಸುಳ್ಳಲ್ಲ. ಅದನ್ನು ಒಂದು ಮನೆ ಒಂಟಿಯಾಗಿ ಪರಿಹರಿಸಲಾರದು. ಹತ್ತು ಮನೆಗಳು ಕೂಡಿದರೆ ಸಾಧ್ಯ.

ಆದುದರಿಂದ ನಿಮ್ಮಲ್ಲಿ ಮೂರು ವಿನಂತಿ. ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ, ಕಸುಬಿನ ತರಗತಿಗಳಿಗೆ ಕನ್ನಡ ಬಲ್ಲ ಬೋಧಕರನ್ನೂ ಕನ್ನಡದ ಪಾಠವನ್ನೂ ಒದಗಿಸಬೇಕೆಂದು ಲಿಖಿತವಾಗಿ ಕೇಳಿರಿ. ಊರಿನ ಒಬ್ಬ ಕಸುಬುದಾರರನ್ನು ಅತಿಥಿಯಾಗಿ ಶಾಲೆಗೆ ಕರೆಯಿರಿ. ಅವರು ಮಕ್ಕಳಿಗೆ ತಮ್ಮ ಕೆಲಸ ತೋರಿಸಲಿ. ತೋಟಕ್ಕೆ ಬರುವವರಿಗೆ ವಿಮೆ ಮಾಡಿಸಿರಿ, ಜಗಲಿಯಲ್ಲಿ ಜತೆಗೆ ಕೂತು ಚಹಾ ಕುಡಿಯಿರಿ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಬೆಲೆ ಎಂಬುದನ್ನು ಅವರು ಕಲಿಯುವುದು ನಮ್ಮನ್ನು ನೋಡಿಯೇ.