ಬಂಡೆಯ ಮೇಲೆ ಬಿದ್ದ ಕತೆ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿ ಬಿಟ್ಟು ಆವನಿಯ ಹಾದಿ ಹಿಡಿದರೆ, ಬೆಟ್ಟ ಹತ್ತುವ ಮೊದಲೇ ಉತ್ತರಕಾಂಡ ಶುರುವಾಗುತ್ತದೆ. ಯಾರನ್ನಾದರೂ ದಾರಿ ಕೇಳಿ, ಕತೆಯನ್ನೂ ಸೇರಿಸಿಯೇ ಹೇಳುತ್ತಾರೆ. ಅಗೋ ಅದು ವಾಲ್ಮೀಕಿ ಆಶ್ರಮ, ಸೀತಮ್ಮನಿಗೆ ಹೆರಿಗೆಯಾದದ್ದು ಅಲ್ಲೇ, ಲವಕುಶರು ಯಜ್ಞದ ಕುದುರೆ ಕಟ್ಟಿದ್ದು ಇಲ್ಲೇ. ಕತೆ ಗೊತ್ತಿಲ್ಲದ ಕಣ್ಣಿಗೆ ಅದು ಬರಿಯ ಬಂಡೆ. ಗೊತ್ತಿರುವ ಕಣ್ಣು ಒಳಗಿದ್ದುದನ್ನು ಬಂಡೆಯ ಮೇಲೆ ಬೀರಿ, ಬೀರಿದ್ದಕ್ಕೇ ಕೈಮುಗಿಯುತ್ತದೆ. ಪ್ರೊಜೆಕ್ಷನ್ ಎಂಬ ಮಾತಿನ ಎಷ್ಟೋ ಬಳಕೆಗಳನ್ನು ಈ ಬೆಟ್ಟದ ಬುಡದಲ್ಲಿ ಕೂತೇ ಮೆಲುಕು ಹಾಕಬಹುದು.

ಮೊದಲು ನೆನಪಾಗುವುದು ಟೆಂಟ್ ಸಿನಿಮಾ. ತೆಲುಗು, ಕನ್ನಡ ಎರಡೂ ಬಾಯಿಗೆ ಬರುವ ಈ ಸೀಮೆಯಲ್ಲಿ 1963ರ ತೆಲುಗು ‘ಲವಕುಶ’ದ ಹೆಸರೆತ್ತಿದರೆ ಹಿರಿಯರ ಮುಖ ಅರಳುತ್ತದೆ. ಎನ್.ಟಿ. ರಾಮರಾವ್ ರಾಮ, ಅಂಜಲಿದೇವಿ ಸೀತೆ. ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ ಅನ್ನುತ್ತೇವೆ. ನಿಜವಾಗಿ ಒಂದೊಂದು ಚಿತ್ರವೂ ನಿಂತು, ಬೆಳಗಿ, ಆಮೇಲೆ ಸರಿಯುತ್ತದೆ. ಸರಿಯುವ ಹೊತ್ತಿಗೆ ದೀಪಕ್ಕೆ ಅಡ್ಡವಾಗಿ ರೆಕ್ಕೆಯೊಂದು ತಿರುಗಿ ಪರದೆ ಕತ್ತಲಾಗುತ್ತದೆ. ಆ ಕತ್ತಲು ಯಾರಿಗೂ ಕಾಣದು. ನಡುವಿನ ಚಲನೆಯನ್ನು ತುಂಬಿಕೊಡುವುದು ನೋಡುವವರ ಮನಸ್ಸು.

ಇದೇ ಆವನಿಯ ಹೆಸರಿನಲ್ಲಿ ಶೃಂಗೇರಿಯ ಅದ್ವೈತ ಪರಂಪರೆಯ ಮಠವೊಂದಿದೆ. ಸಿನಿಮಾ ಪರದೆಯೂ ಪ್ರೊಜೆಕ್ಟರಿನ ದೀಪವೂ ಇಲ್ಲದ ಕಾಲದಲ್ಲೇ ಅದ್ವೈತಿಗಳು ಈ ಸಂಗತಿಯನ್ನು ಬಿಡಿಸಿ ನೋಡಿದ್ದರು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯವನ್ನು ತೊಡಗುವುದೇ ಅಧ್ಯಾಸದ ವಿಚಾರದಿಂದ. ಹಿಂದೆಂದೋ ಕಂಡದ್ದು ನೆನಪಾಗಿ ಬಂದು ಇನ್ನೊಂದರ ಮೇಲೆ ತೋರುವುದು, ಚಿಪ್ಪು ಬೆಳ್ಳಿಯಾಗಿ ಹೊಳೆಯುವುದು. ಮುಂದಿನವರು ಇದ್ದುದನ್ನು ಮುಚ್ಚುವ ಶಕ್ತಿಗೆ ಆವರಣವೆಂದೂ ಇಲ್ಲದ್ದನ್ನು ತೋರಿಸುವ ಶಕ್ತಿಗೆ ವಿಕ್ಷೇಪವೆಂದೂ ಹೆಸರಿಟ್ಟರು. ಕಳೆದುಕೊಳ್ಳಬೇಕಾದ ಭ್ರಮೆ ಅದು ಎಂಬುದು ಅವರ ತೀರ್ಮಾನ. ಆದರೆ ಬೆಟ್ಟದ ಮೇಲಿನ ಸೀತಮ್ಮನ ಗುಡಿಗೆ ಮಕ್ಕಳಾಗದ ಹೆಣ್ಣುಮಕ್ಕಳು ಹರಕೆ ಹೊತ್ತು ಬರುತ್ತಾರೆ. ಕಾಡುಪಾಲಾದರೂ ಅವಳಿ ಮಕ್ಕಳನ್ನು ಹೆತ್ತು ಸಾಕಿದವಳಲ್ಲಿ ತಮ್ಮ ನೋವನ್ನೂ ಆಸೆಯನ್ನೂ ಕಾಣುತ್ತಾರೆ. ಅದನ್ನು ಭ್ರಮೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನಕ್ಷೆ ಬರೆಯುವವರ ಪ್ರೊಜೆಕ್ಷನ್ ಇಲ್ಲಿ ನನ್ನ ನೆರವಿಗೆ ಬರುತ್ತದೆ. ಗೋಳವನ್ನು ಹಾಳೆಗಿಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. 1569ರ ಮರ್ಕೇಟರ್ ನಕ್ಷೆ ಕೋನಗಳನ್ನು ಕಾಪಾಡಿಕೊಂಡು ಗಾತ್ರವನ್ನು ಬಿಟ್ಟುಕೊಟ್ಟಿತು. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ, ಆಫ್ರಿಕಾವಾದರೋ ಅದರ ಸುಮಾರು 14 ಪಟ್ಟು. ಗಂಗೆಯ ಕಡೆಯ ಆಶ್ರಮ ಕೋಲಾರದ ಬಂಡೆಗಿಳಿದಾಗ ದೂರವೆಲ್ಲ ಅಳಿಸಿಹೋಯಿತು. ತಾಯಿಗೂ ಮಕ್ಕಳಿಗೂ, ಆ ಮಕ್ಕಳಿಗೂ ಅಪ್ಪನಿಗೂ ನಡುವಣ ಕೋನ ಎಳ್ಳಷ್ಟೂ ಕೆಡಲಿಲ್ಲ. ಕಾನ್ಪುರದ ಬಳಿಯ ಬಿಠೂರಿನವರೂ ಚೆನ್ನೈನ ಕೋಯಂಬೇಡಿನವರೂ ಇದೇ ಕತೆಯನ್ನು ತಮ್ಮ ನೆಲದಲ್ಲಿ ತೋರಿಸುತ್ತಾರೆ. ಎಲ್ಲರದೂ ಸರಿ.

ಪ್ರೊಜೆಕ್ಷನ್ ಎಂದರೆ ಮುಂಚಾಚುವುದೂ ಹೌದು. ಊರಿನ ದೇಗುಲಗಳಲ್ಲಿ ಹಾಗೆ ಮುಂಚಾಚಿರುವುದು ಕಲ್ಲೇ. ಮಕ್ಕಳೊಡನೆ ಕಾದಾಡಿದ ಪಾಪಕ್ಕೆ ರಾಮನೂ ತಮ್ಮಂದಿರೂ ಲಿಂಗಗಳನ್ನು ನಿಲ್ಲಿಸಿದರು ಎನ್ನುವ ಈ ಗುಡಿಗಳು ನೊಳಂಬರ ಕಾಲದವು. ಲಕ್ಷ್ಮಣೇಶ್ವರದ ಗೋಡೆಯಷ್ಟು ಚೆಲುವು ಉಳಿದವುಗಳಿಗಿಲ್ಲ. ಬಿಸಿಲು ಓರೆಯಾದಷ್ಟೂ ಅರೆಗಂಬಗಳ ನೆರಳು ದಟ್ಟವಾಗಿ ಉಬ್ಬುಶಿಲ್ಪಗಳು ಇನ್ನಷ್ಟು ಮುಂದೆ ಬಂದಂತೆ ಕಾಣುತ್ತವೆ. ತ್ರಿಭುವನಕರ್ತನೆಂಬ ಶೈವಗುರು ಹತ್ತನೆಯ ಶತಮಾನದಲ್ಲಿ 40 ವರ್ಷ ಈ ಸ್ಥಾನವನ್ನು ಆಳಿ 50 ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಇಲ್ಲಿನ ಶಾಸನ ಹೇಳುತ್ತದೆ.

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಬಂಡೆಗಳಿಗೆ ಜನ ಇಟ್ಟ ಹೆಸರುಗಳು ಬಾಯಿಂದ ಬಾಯಿಗೆ ಬಂದವು. ಆವನಿಗೆ ಹೋದವರು ಬಂಡೆಯ ಫೋಟೊ ತೆಗೆದುಕೊಂಡು ಇಳಿದುಬಿಡಬೇಡಿ. ಅಲ್ಲಿನ ಅಜ್ಜಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.