ಸಿಐಡಿ 999 ನಿಮಗೆ ಮೊದಲು ಸಿಕ್ಕಿದ್ದೆಲ್ಲಿ?

ಬಾಂಡ್ ಸಿನಿಮಾ ನಮಗೇನು ಹೊಸದಲ್ಲ. ದೊರೈ-ಭಗವಾನ್ ನಿರ್ದೇಶನದಲ್ಲಿ ಅಣ್ಣಾವ್ರು ಸಿಐಡಿ 999 ಆಗಿ ನಾಲ್ಕು ಸಿನಿಮಾ ಮಾಡಿದ್ರು. 1968ರಲ್ಲೇ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999'. ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. 1978ಕ್ಕೆ 'ಆಪರೇಷನ್ ಡೈಮಂಡ್ ರಾಕೆಟ್'.

ಮೊದಲು ಎಲ್ಲಿ ನೋಡಿದ್ರಿ ಅಂದ್ರೆ ನಮ್ಮ ಕೇರಿ ಹಿರೀಕರು ಹೇಳೋದು ಟೆಂಟ್ ಸಿನಿಮಾ. ಊರ ಹೋಟ್ಲಲ್ಲಿ ನಮಗೆ ಬೇರೆ ಲೋಟ ಇಡ್ತಿದ್ದ ಕಾಲ. ಟೆಂಟ್‌ನಲ್ಲಿ ಮಾತ್ರ ನೆಲದ ಟಿಕೆಟ್ ತಗೊಂಡವರಿಗೆಲ್ಲ ಒಂದೇ ನೆಲ. ಲೈಟ್ ಆರಿದ ಮೇಲೆ ಪಕ್ಕದವನ ಜಾತಿ ಯಾರಿಗೆ ಬೇಕಿತ್ತು?

ನಮ್ಮ ತಲೆಮಾರಿಗೆ 999 ಸಿಕ್ಕಿದ್ದು ದೂರದರ್ಶನದಲ್ಲಿ. ಟಿವಿ ಇದ್ದದ್ದು ಊರೊಳಗಿನ ಮನೇಲಿ. ಅವರ ಮಕ್ಕಳು ನಡುಮನೇಲಿ ಚಾಪೆ ಮೇಲೆ, ನಾವು ಕಿಟಕಿ ಸರಳು ಹಿಡ್ಕೊಂಡು ಹೊರಗೆ. ಅಣ್ಣಾವ್ರು ಕಳ್ಳರ ಅಡ್ಡೆಗಳಿಗೆಲ್ಲ ನುಗ್ತಿದ್ರು, ನಮಗೆ ಆ ಹೊಸ್ತಿಲು ದಾಟೋಕಾಗ್ತಿರಲಿಲ್ಲ. ಟೆಂಟ್ ಒಳಗೆ ಕೂರಿಸಿತ್ತು, ಟಿವಿ ಬಂದು ಮತ್ತೆ ಹೊರಗೆ ನಿಲ್ಲಿಸ್ತು.

ಹೊಸ ಯಂತ್ರ ಬಂದ್ರೆ ಜಾತಿ ತಾನಾಗೇ ಹೋಗುತ್ತೆ ಅನ್ನೋರಿಗೆ ಇದನ್ನ ಹೇಳಬೇಕು. ಯಂತ್ರ ಯಾರ ಮನೇಲಿದೆ, ಬಾಗಿಲು ಯಾರ ಕೈಲಿದೆ, ಅದನ್ನ ನೋಡಿ.

ಹಳೇ ಸಿನಿಮಾ ನೆನಪು ಬರೆಯೋ ಗೆಳೆಯರೇ, ಎಲ್ಲಿ ಕೂತು ನೋಡಿದ್ರಿ ಅನ್ನೋದನ್ನೂ ಬರೀರಿ. ನಿಂತು ನೋಡಿದ್ರೆ ಅದನ್ನೂ.

ಜೈ ಭೀಮ್.